ಸುರುಳಿಯ ಸುತ್ತ ಬೇಲಿ

ಇದು ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ.

ಅವತ್ತು ಕೆಲಸ ಮುಗಿಸಿ ಹಳೇ ಬಾವಿಯ ಪಕ್ಕದ ಓಣಿಯಲ್ಲಿ ಬರ್ತಿದ್ದಳು. ಕತ್ತಲಾಗಿತ್ತು. ಹಿಂದೆ ಚಪ್ಪಲಿ ಎಳೆಯುವ ಸದ್ದು... ಸರ್ರ್... ಸರ್ರ್... ಆಮೇಲೆ ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಸಣ್ಣ ಕೆಮ್ಮು. ಅವಳು ನಿಂತುಬಿಟ್ಟಳು. ಹಾಗೆ ಕೆಮ್ಮುತ್ತಿದ್ದವನು ಅವಳ ಅಣ್ಣ. ಅವನು ತೀರಿಕೊಂಡು ಆಗಲೇ ತಿಂಗಳುಗಳಾಗಿದ್ದವು.

ಅಣ್ಣ ತಂಗಿ ಇಬ್ಬರೂ ಒಂದೇ ಆಫೀಸಿನಲ್ಲಿ ಮೊಬೈಲು, ರೇಡಿಯೊಗಳೊಳಗಿನ ಎಲೆಕ್ಟ್ರಾನಿಕ್ ಚಿಪ್ಪಿನ ನಕ್ಷೆ ಬರೆಯುವವರು. ಇವಳಿಗೆ ಕೆಲಸ ಕಲಿಸಿದವನೂ ಅವನೇ. ಅವನು ಕೊನೆಗೆ ಬರೆದದ್ದು ರೇಡಿಯೊ ಚಿಪ್ಪಿನೊಳಗಿನ ಒಂದು ಸುರುಳಿ, ಕೂದಲಿಗಿಂತ ತೆಳು ತಂತಿಯದು. ಚಿಪ್ಪು ತಯಾರಾಗಿ ಬಂದರೆ ಗುಂಯ್ ಅನ್ನುವ ಗದ್ದಲ. ಅಕ್ಕಪಕ್ಕದ ಸರ್ಕ್ಯೂಟುಗಳ ಸದ್ದು ಕೆಳಗಿನ ಸಿಲಿಕಾನಿನೊಳಗೆ ಜಿನುಗಿ ಸುರುಳಿಗೆ ತಾಗುತ್ತಿತ್ತು. ಸುತ್ತ ಲೋಹದ ಗೆರೆಯ ಬೇಲಿ ಹಾಕಿ ಅದನ್ನು ಬೇರೆ ಮಾಡು ಅಂತ ಇವಳಿಗೇ ವಹಿಸಿದ್ದರು.

ಆದರೆ ಹೆಡ್‌ಫೋನ್ ಹಾಕಿಕೊಂಡರೆ ಆ ಗದ್ದಲದ ತಳದಲ್ಲಿ ಅವಳಿಗೆ ಅಣ್ಣನ ಕೆಮ್ಮು ಕೇಳುತ್ತಿತ್ತು. ಬೇರೆ ಯಾರಿಗೂ ಇಲ್ಲ. ಊಟ ಬಿಟ್ಟು ಅದನ್ನೇ ಕೇಳುತ್ತಾ ಕೂರುತ್ತಿದ್ದಳಂತೆ.

ಆ ರಾತ್ರಿ ಓಣಿಯಲ್ಲಿ ಅವಳು ತಿರುಗಿ ನೋಡಲಿಲ್ಲ.

"ಪುಟ್ಟೀ... ಪೂರ್ತಿ ಮುಚ್ಚಬೇಡ."

"ಮುಚ್ಚದಿದ್ರೆ ಸದ್ದು ನಿಲ್ಲಲ್ಲ ಅಣ್ಣ..." ಅವಳು ಪಿಸುಗುಟ್ಟಿದಳು.

ಬಾವಿಯೊಳಗೆ ಎಲ್ಲೋ ಒಂದು ಹನಿ... ತೊಟ್.

ತನ್ನನ್ನು ಹೊರಗೆ ಹಾಕಬೇಡ ಅಂತ ಬೇಡಿಕೊಂಡ, ಅಂದುಕೊಂಡಳು. ರಾತ್ರಿಯೆಲ್ಲ ಅತ್ತಳು. ಆದರೆ ಅವನ ಕೊನೇ ಕೆಲಸ ಮೂಲೆ ಸೇರಲು ಬಿಡುವುದಾದರೂ ಹೇಗೆ? ಮರುದಿನ ಮನಸ್ಸು ಕಲ್ಲು ಮಾಡಿಕೊಂಡು, ಸುರುಳಿಯ ನಾಲ್ಕೂ ಕಡೆ ಬೇಲಿ ಎಳೆದು ಮುಚ್ಚಿ, ನಕ್ಷೆಯ ಫೈಲನ್ನು ಚಿಪ್ಪು ಮಾಡುವ ಕಾರ್ಖಾನೆಗೆ ಕಳಿಸಿಬಿಟ್ಟಳು.

ಹೊಸ ಚಿಪ್ಪು ಬಂತು. ಗದ್ದಲವಿಲ್ಲ. ಕೆಮ್ಮೂ ಇಲ್ಲ. ಎಲ್ಲರೂ ಬೆನ್ನು ತಟ್ಟಿದರು. ಇವಳು ಮುಖ ತೊಳೆದು ಬರ್ತೀನಿ ಅಂತ ಎದ್ದುಹೋದವಳು ಬಹಳ ಹೊತ್ತು ಬರಲಿಲ್ಲ.

ವಾಪಸ್ ಬಂದಾಗ ಮೇಲಧಿಕಾರಿಗಳು ಸೂಕ್ಷ್ಮದರ್ಶಕದಲ್ಲಿ ಚಿಪ್ಪು ನೋಡುತ್ತಿದ್ದರು. ಬೇಲಿಯಲ್ಲಿ ಸಂದು ಬಿಟ್ಟದ್ದು ಒಳ್ಳೆಯದಾಯಿತು, ಪೂರ್ತಿ ಮುಚ್ಚಿದ್ದರೆ ಕರೆಂಟು ಬೇಲಿಯಲ್ಲೇ ಸುತ್ತಿ ಸುರುಳಿಯ ಶಕ್ತಿಯೆಲ್ಲ ತಿಂದುಹಾಕುತ್ತಿತ್ತು, ಅಂದರು. ಅವಳು ಬಗ್ಗಿ ನೋಡಿದಳು. ಒಂದು ಮೂಲೆಯಲ್ಲಿ ಸಣ್ಣ ಸಂದು. ಅಣ್ಣ ಬೇಡಿಕೊಂಡದ್ದಲ್ಲ... ಅವಳ ತಪ್ಪು ತಿದ್ದಿದ್ದ, ಮೊದಲಿನ ಹಾಗೇ.

ಕಾರ್ಖಾನೆಯವರನ್ನು ಕೇಳಿದರೆ, ನೀವು ಕಳಿಸಿದ್ದನ್ನೇ ಮಾಡಿದ್ದೇವೆ ಅಂದರು. ಆ ಫೈಲನ್ನು ಅವಳು ನನಗೂ ತೆಗೆದು ತೋರಿಸಿದಳು. ಕಣ್ಣಾರೆ ನೋಡಿದ್ದೀನಿ... ಬೇಲಿ ನಾಲ್ಕೂ ಕಡೆ ಮುಚ್ಚಿದೆ.