ಇನ್ನೂ ಓಡುತ್ತಿದ್ದ ಒಂದು ಮಷೀನು

ಕಚೇರಿ ಕಟ್ಟಡದ ಕೆಳಗಿನ ಕಾಫಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು, ಒಬ್ಬ ಗಡ್ಡದವನು, ಅವನಿಗಿಂತ ಹಿರಿಯಳಾದ ಒಬ್ಬ ಸಹೋದ್ಯೋಗಿ.

“ನಮ್ಮ ಕ್ಲೌಡಲ್ಲಿ ನಾನು ಅಳಿಸಿದ್ದು ಒಂದೇ ಫೈಲು ಅಕ್ಕ,” ಎಂದ ಗಡ್ಡದವನು. “ಬೆಳಗ್ಗೆ ರೀಸ್ಟಾರ್ಟ್ ಆದ ಹತ್ತು ವರ್ಚುವಲ್ ಮಷೀನೂ ಏಳ್ತಾನೇ ಇಲ್ಲ.”

“ಯಾವ ಫೈಲು?”

“ಮೂಲ ಡಿಸ್ಕ್ ಇಮೇಜು. ಎರಡು ವರ್ಷದಿಂದ ಅದರಲ್ಲಿ ಏನೂ ಬದಲಾಗಿರಲಿಲ್ಲ. ಬೇಡದ್ದು ಅಂದ್ಕೊಂಡೆ.”

“ತಳಪಾಯಕ್ಕೆ ಯಾರಾದ್ರೂ ವರ್ಷ ವರ್ಷ ಬಣ್ಣ ಬಳೀತಾರೇನೋ? ಎಲ್ಲ ಮಷೀನೂ ಅದರ ಮೇಲೇ ನಿಂತಿರೋದು. ಬ್ಯಾಕಪ್ಪು?”

“ತೆಗೆದಿಲ್ಲ. ಆದ್ರೆ ಒಂದು ವಿಚಿತ್ರ. ಹನ್ನೊಂದನೇದು, ಸಂಬಳದ ಲೆಕ್ಕದ ಮಷೀನು, ಇನ್ನೂ ಓಡ್ತಾ ಇದೆ. ಫೈಲೇ ಇಲ್ಲ, ಅದು ಹೇಗೆ?”

ಆಕೆ ಅವನ ಕಡೆ ತಿರುಗಿದಳು. ನಾನೂ ಅರ್ಧ ಹೆಜ್ಜೆ ಹತ್ತಿರ ಸರಿದೆ.

“ಅದನ್ನ ನಿಲ್ಲಿಸೇ ಇಲ್ವಾ?”

“ಇಲ್ಲ.”

“ಹಾಗಾದ್ರೆ ಅದು ಆ ಫೈಲನ್ನ ಇನ್ನೂ ಹಿಡ್ಕೊಂಡಿದೆ. ನೀನು ಅಳಿಸಿದ್ದು ಹೆಸರು ಮಾತ್ರ. ಓಡ್ತಿರೋವರೆಗೂ ಒಳಗಿಂದ ನಕಲು ತೆಗೀಬಹುದು. ನಿಂತ್ರೆ ಮುಗೀತು.”

“ಸದ್ಯ, ನಾನು ಬದುಕಿದೆ ಅಕ್ಕ.”

“ಅದರ ಮುಂದೆ ಈಗ ಯಾರಿದಾರೆ?”

“ಸಾಹೇಬ್ರು. ‘ನಾನು ನೋಡ್ಕೋತೀನಿ, ನೀನು ಕಾಫಿ ಕುಡಿದು ಬಾ’ ಅಂದ್ರು.”

“ಬೆಳಗ್ಗೆ ಆ ಹತ್ತನ್ನೂ ರೀಸ್ಟಾರ್ಟ್ ಮಾಡಿದ್ದು ಯಾರು?”

ಗಡ್ಡದವನು ಸಾಲಿನಿಂದ ಹೊರಗೆ ಕಾಲಿಟ್ಟ.

“ಅವರೇ.”

ಲಿಫ್ಟ್ ಬಾಗಿಲು ತೆರೆದೇ ನಿಂತಿತ್ತು. ಇಬ್ಬರೂ ಅದನ್ನು ನೋಡದೆ ಮೆಟ್ಟಿಲ ಕಡೆ ಓಡಿದರು. ಅಂಗಡಿಯವನು ಅವರ ಎರಡು ಕಾಫಿ ಮುಂದಿಟ್ಟು ನನ್ನ ಮುಖ ನೋಡಿದ. ನಾನು ಮೇಲೆ ನೋಡುತ್ತಿದ್ದೆ.