ಎರಡೇ ಸಾಲಿನ ಉತ್ತರ

ವಿಶ್ವವಿದ್ಯಾಲಯದೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಅವಳು ಪ್ರಬಂಧವೊಂದಕ್ಕೆ ಸ್ಪೈರಲ್ ಹಾಕುತ್ತಿದ್ದಳು. ಅದನ್ನು ಬರೆದ ಐವತ್ತರ ನರ್ಸ್ ಕೌಂಟರಿನಾಚೆ ತಮ್ಮ ತರಗತಿಯ ಹುಡುಗಿಯೊಡನೆ ಹರಟುತ್ತಿದ್ದರು.

“ಆಂಟಿ, ಕ್ಲಾಸಿಗೇ ಫಸ್ಟ್ ಬಂದು ನಮ್ಮ ಮಾನ ಕಳೆದ್ರಲ್ಲ!”

“ಮೊದಲ ಸೆಮಿಸ್ಟರ್ ಫೇಲಾಗಿದ್ದೆ ಕಣೇ.”

“ನೀವಾ? ಹೇಗೆ?”

“ಇಪ್ಪತ್ತು ವರ್ಷ ಚುಟುಕಾಗಿ ವಾರ್ಡ್ ರಿಪೋರ್ಟ್ ಬರೆದ ಕೈ. ಒಂದೊಂದು ಪ್ರಶ್ನೆಗೂ ಎರಡೇ ಸಾಲು ಬರೆದಿಟ್ಟು ಎದ್ದು ಬಂದೆ.”

“ಅಯ್ಯೋ! ಆಮೇಲೆ?”

“ರೋಗಿಯ ತಾಯಿಗೆ ಬಿಡಿಸಿ ಹೇಳೋ ಹಾಗೆ ಬರೆಯೋಕೆ ಶುರುಮಾಡಿದೆ.”

“ವಯಸ್ಸಾದ್ಮೇಲೆ ತಲೆಗೆ ಹತ್ತಲ್ಲ ಅಂತಾರಲ್ಲ?”

“ಯಾರು, ನಿಮ್ಮಪ್ಪನಾ? ಅವರನ್ನೂ ಕರ್ಕೊಂಡು ಬಾ.”

ಪ್ರಬಂಧ ತೆಗೆದುಕೊಂಡು ಇಬ್ಬರೂ ನಗುತ್ತ ಹೊರಟರು.

ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟು ಇಪ್ಪತ್ತೆರಡು ವರ್ಷವಾಗಿತ್ತು; ಇನ್ನು ತಲೆಗೆ ಹತ್ತದು ಎಂದೇ ಅಂಗಡಿಯ ಅವಳು ನಂಬಿದ್ದಳು. ಊಟದ ಬಿಡುವಿನಲ್ಲಿ ಪ್ರವೇಶ ಕಚೇರಿಗೆ ಹೋಗಿಬರುವುದೆಂದು ನಿಶ್ಚಯಿಸಿದಳು. ಪಕ್ಕದ ಯಂತ್ರದ ಬಳಿಯಿದ್ದ ಗಂಡನಿಗೆ ಹೋಗಿಬಂದ ಮೇಲೆ ಹೇಳಿದರಾಯಿತು ಎಂದುಕೊಂಡಳು.