ಹಿಟ್ಟು ಮುಚ್ಚುವ ಬಟ್ಟೆ

ಉರಿಬಿಸಿಲಲ್ಲಿ ಬಸ್ಸಿಗೆ ಕಾಯುತ್ತಿದ್ದ ದರ್ಜಿಯ ಪಕ್ಕಕ್ಕೆ ಅತ್ತೆ, ಸೊಸೆ ಬಂದು ನಿಂತರು. ಮಗುವಿನ ತಳ್ಳುಗಾಡಿಯ ಮೇಲೆ ಹೊದಿಸಿದ್ದ ಹತ್ತಿಬಟ್ಟೆಯ ಮೇಲೇ ಅವನ ಕಣ್ಣು.

"ಇದ್ಯಾಕಮ್ಮ ಮುಚ್ಚಿದೀಯ?" ಎಂದು ಅತ್ತೆ ಸೊಸೆಯನ್ನು ಕೇಳಿದರು.

"ಬಿಸಿಲು ತಾಗಬಾರದು ಅಂತ, ಅತ್ತೆ."

"ಮೂವತ್ತು ವರ್ಷ ಬೇಕರೀಲಿ ಹಿಟ್ಟು ಉಬ್ಬಲಿ ಅಂತ ನಾನೂ ಹೀಗೇ ಮುಚ್ತಿದ್ದೆ. ಒಳಗೆ ಕೈ ಹಾಕಿ ನೋಡು."

"ಅಯ್ಯೋ, ಕಾದುಬಿಟ್ಟಿದೆ!"

"ಮತ್ತೆ? ತೆಗಿ ಅದನ್ನ. ಗಾಡಿ ನೆರಳಿಗೆ ತಳ್ಳು. ಕೂಸಿನ ಅಂಗೈ ಅಲ್ಲ, ಕತ್ತಿನ ಹಿಂದೆ ಮುಟ್ಟು."

"ಬೆವೆತಿದೆ. ನೀರು ಕುಡಿಸ್ಲಾ?"

"ಮೂರು ತಿಂಗಳ ಕೂಸಿಗೆ ನೀರಾ? ಅದಕ್ಕೆ ಹಾಲು ಕೊಡು, ನೀರು ನೀನು ಕುಡಿ. ಮೇಲಂಗೀನೂ ಬಿಚ್ಚು."

ಅತ್ತೆ, ಸೊಸೆಯ ಬಸ್ ಬಂತು. ಹತ್ತುವ ಗಡಿಬಿಡಿಯಲ್ಲಿ, ತೆಗೆದು ನಿಲ್ದಾಣದ ಬೆಂಚಿನ ಮೇಲಿಟ್ಟಿದ್ದ ಬಟ್ಟೆ ಅಲ್ಲೇ ಉಳಿಯಿತು.

"ಅಮ್ಮಾ, ಬಟ್ಟೆ!" ಎಂದು ದರ್ಜಿ ಕೂಗಿದ.

ಅತ್ತೆ ಕಿಟಕಿಯಿಂದ ಕೈಬೀಸಿದರು. "ನೀವೇ ಇಟ್ಕೊಳ್ಳಿ. ಮನೇಲಿ ಹಿಟ್ಟು ಕಲಸಿದ ದಿನ ಕೆಲಸಕ್ಕೆ ಬರುತ್ತೆ."